ಹಳೆಯ ಪಿಕಪ್ಪಿಗೆ ದೊಡ್ಡ ಎಂಜಿನ್ ಕೂರಿಸುವ ಮುನ್ನ



ಈ ದಿನ ನಾನು ಮಾತನಾಡಹೊರಟಿರುವುದು ಬೀಜ ಗೊಬ್ಬರದ ವಿಷಯವಲ್ಲ. ಶುಂಠಿ ಕಿತ್ತು ಚೀಲ ತುಂಬಿದ ಮೇಲೆ ಅದನ್ನು ಮಂಡಿಗೆ ಹೊತ್ತೊಯ್ಯುವ ಗಾಡಿಯ ವಿಷಯ. ಸಕಲೇಶಪುರದ ಕಡೆಯ ನಮ್ಮ ಮಲೆನಾಡು ಸೀಮೆಯಲ್ಲಿ ಮನೆಗೊಂದಲ್ಲದಿದ್ದರೂ ಊರಿಗೆ ಒಂದೆರಡಾದರೂ ಹಳೆಯ ಪಿಕಪ್ ವಾಹನಗಳು ಇದ್ದೇ ಇವೆ. ಹದಿನೈದು ಇಪ್ಪತ್ತು ವರ್ಷ ದುಡಿದ ಗಾಡಿ. ಏರಿನಲ್ಲಿ ಏದುಸಿರು ಬಿಡುತ್ತದೆ. ಆಗ ಯಜಮಾನರು ನನ್ನನ್ನು ಕಂಡಾಗ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸ್ವಾಮಿ, ಗುಜರಿ ಅಂಗಡೀಲಿ ಒಳ್ಳೇ ಟ್ರಾಕ್ಟರ್ ಎಂಜಿನ್ ಬಂದದೆ. ಇದನ್ನ ಕಿತ್ತಾಕಿ ಅದನ್ನ ಕೂರಿಸಿಬಿಟ್ರೆ ಹ್ಯಾಗೆ?"

ನಾನು ಕೃಷಿಯಲ್ಲಿ ಡಿಪ್ಲೊಮಾ ಮಾಡಿದವನು, ಮೋಟಾರು ಮೆಕ್ಯಾನಿಕ್ ಅಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಹೇಳುವ ಹಕ್ಕು ನನಗೆ ಸ್ವಲ್ಪ ಇದೆ ಎಂದುಕೊಂಡಿದ್ದೇನೆ. ಏಕೆಂದರೆ 2009ರಲ್ಲಿ ನಮ್ಮ ಸೋದರಮಾವನವರು ಇದೇ ಕೆಲಸ ಮಾಡಿದರು. ನಾನಾಗ ಓದುತ್ತಿದ್ದ ಹುಡುಗ. "ಹಾಕ್ಸಿ ಮಾವ, ದೊಡ್ಡ ಎಂಜಿನ್ ಅಂದ್ರೆ ದೊಡ್ಡದೇ" ಎಂದು ಹುರಿದುಂಬಿಸಿದವರಲ್ಲಿ ನಾನೂ ಒಬ್ಬ. ಅದರಿಂದ ಆದದ್ದೇನು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಗಾಡಿಯ ಲೆಕ್ಕ ತಿಳಿದುಕೊಳ್ಳೋಣ.

ಎತ್ತಿನ ಗಾಡಿ ಕಟ್ಟಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣ ನಾಟಿ ಎತ್ತುಗಳಿಗೆಂದು ಮಾಡಿಸಿದ ಹಗುರ ಗಾಡಿಗೆ ಒಂದು ಭಾರಿ ಹಳ್ಳಿಕಾರ್ ಜೋಡಿ ಹೂಡಿದಿರಿ ಎನ್ನಿ. ಎತ್ತುಗಳು ಎಳೆಯುತ್ತವೆ, ಸಂದೇಹವಿಲ್ಲ. ಆದರೆ ನೊಗ ತಾಳಬೇಕು, ಮೂಕಿ ತಾಳಬೇಕು, ಅಚ್ಚು ತಾಳಬೇಕು. ಎತ್ತು ಬಲವಾದ ಮಾತ್ರಕ್ಕೆ ಅಚ್ಚು ದಪ್ಪವಾಗುವುದಿಲ್ಲ. ಇಳಿಜಾರಿನಲ್ಲಿ ಗಾಡಿ ಮುಂದಕ್ಕೆ ನೂಕುವಾಗ ಹಿಡಿದು ನಿಲ್ಲಿಸುವ ಕೆಲಸ ಬೇರೆಯೇ. ಪಿಕಪ್ಪಿನಲ್ಲಿಯೂ ಹಾಗೆಯೇ. ಎಂಜಿನ್ ಎಳೆಯುತ್ತದೆ. ಭಾರ ಹೊರುವುದು ಚಾಸಿ, ಸ್ಪ್ರಿಂಗ್ ಪಟ್ಟಿ, ಆಕ್ಸಲ್ ಮತ್ತು ಟೈರು. ನಿಲ್ಲಿಸುವುದು ಬ್ರೇಕು. ಎಂಜಿನ್ ಒಂದನ್ನೇ ಬದಲಾಯಿಸಿದರೆ ಮೂರರಲ್ಲಿ ಒಂದನ್ನು ಮಾತ್ರ ಬದಲಾಯಿಸಿದಂತೆ.

ಹಾಗಾದರೆ ಏರು ಹತ್ತಲು ನಿಜವಾಗಿ ಎಷ್ಟು ಶಕ್ತಿ ಬೇಕು? ಶುಂಠಿ ಚೀಲ ಒಂದಕ್ಕೆ 60 ಕಿಲೋ. 16 ಚೀಲ ಎಂದರೆ 960 ಕಿಲೋ. ಗಾಡಿಯ ಸ್ವಂತ ತೂಕ, ಡ್ರೈವರು ಎಲ್ಲಾ ಸೇರಿ ಒಟ್ಟು 2,500 ಕಿಲೋ ಎಂದಿಟ್ಟುಕೊಳ್ಳಿ. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲಕ್ಕೆ ಏರುವ ರಸ್ತೆ. ಅದು ಚೆನ್ನಾದ ಏರೇ. ಅಂಥಲ್ಲಿ ಗಾಡಿಯನ್ನು ಹಿಂದಕ್ಕೆ ಎಳೆಯುವ ಭಾರ ಒಟ್ಟು ತೂಕದ ಹತ್ತರಲ್ಲೊಂದು ಪಾಲು, ಅಂದರೆ 250 ಕಿಲೋ. ಟೈರು ಉರುಳಲು ಬೇಕಾದ ಎಳೆತ ಡಾಂಬರಿನ ಮೇಲೆ ಇನ್ನೊಂದು 40 ಕಿಲೋ. ಒಟ್ಟು 290. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಇದನ್ನು ಎಳೆಯಲು ಚಕ್ರದ ಬಳಿ ಬೇಕಾಗುವುದು ಸುಮಾರು 22 ಅಶ್ವಶಕ್ತಿ. ಗೇರುಗಳಲ್ಲಿ ಸವೆದು ಹೋಗುವುದನ್ನು ಸೇರಿಸಿದರೂ ಎಂಜಿನ್ 27 ಅಶ್ವಶಕ್ತಿ ಕೊಟ್ಟರೆ ಸಾಕು.

ನಮ್ಮ ಮಾವನವರ ಗಾಡಿಯ ಎಂಜಿನ್ ಹೊಸದಾಗಿದ್ದಾಗ ಎಷ್ಟು ಅಶ್ವಶಕ್ತಿಯದು ಗೊತ್ತೆ? 60. ಅಂದರೆ ಬೇಕಾದುದರ ಎರಡರಷ್ಟು ಅದರಲ್ಲೇ ಇತ್ತು! ಆದರೂ ಏರು ಹತ್ತುತ್ತಿರಲಿಲ್ಲ. ದೋಷ ಎಂಜಿನ್ ಚಿಕ್ಕದು ಎಂಬುದರಲ್ಲಿ ಇರಲಿಲ್ಲ. ಇದ್ದ ಶಕ್ತಿ ಎಲ್ಲಿಯೋ ಸೋರಿಹೋಗುತ್ತಿತ್ತು. ಎಲ್ಲಿ ಎಂದು ಯಾರೂ ಹುಡುಕಲಿಲ್ಲ.

ಈ ಹುಡುಕುವ ಕೆಲಸವನ್ನು ಮನೆಯಂಗಳದಲ್ಲಿಯೇ ಮಾಡಬಹುದು. ಮೊದಲು ಗಾಳಿಯ ಫಿಲ್ಟರ್ ಬಿಚ್ಚಿ ನೋಡಿ. ಬೇಸಿಗೆಯ ಮಣ್ಣು ರಸ್ತೆಯಲ್ಲಿ ಓಡಿದ ಗಾಡಿಯ ಫಿಲ್ಟರಿನಲ್ಲಿ ಅರ್ಧ ಸೇರು ಧೂಳು ಇದ್ದರೆ ಆಶ್ಚರ್ಯವಿಲ್ಲ. ಗಾಳಿ ಸಿಗದ ಡೀಸೆಲ್ ಎಂಜಿನ್ ಕರಿಹೊಗೆ ಕಾರುತ್ತದೆ; ಡೀಸೆಲ್ ಖರ್ಚಾಗುತ್ತದೆ, ಎಳೆತ ಬರುವುದಿಲ್ಲ. ನಾಝಲ್ ಕೆಟ್ಟಿದ್ದರೂ ಹೊಗೆ ಕಪ್ಪೇ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಬಿಸಿಯಾದ ಮೇಲೂ ಬಿಳಿಹೊಗೆ ನಿಲ್ಲದಿದ್ದರೆ ಒಳಕ್ಕೆ ನೀರು ಇಳಿಯುತ್ತಿರಬಹುದು, ಇಲ್ಲವೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ.

ಎಂಜಿನ್ ಬಿಸಿಯಾದಾಗ ನಿಧಾನಕ್ಕೆ ಓಡಲು ಬಿಟ್ಟು, ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಬಿಸಿ ಆಯಿಲ್ ಸಿಡಿಯಬಹುದು, ಮುಖ ದೂರವಿಟ್ಟುಕೊಳ್ಳಿ. ಅಲ್ಲಿಂದ ಬುಸುಬುಸು ಹೊಗೆ ಒತ್ತಿಕೊಂಡು ಬಂದರೆ ಪಿಸ್ಟನ್ ರಿಂಗು ಸವೆದಿದೆ. ಪಿಸ್ಟನ್ನನ್ನು ನೂಕಬೇಕಾದ ಒತ್ತಡ ಪಕ್ಕದಿಂದ ಜಾರಿ ಕೆಳಗೆ ಇಳಿದುಹೋಗುತ್ತಿದೆ. ಇದನ್ನು ವರ್ಕ್‌ಶಾಪಿನಲ್ಲಿ ಕಂಪ್ರೆಶನ್ ಗೇಜು ಹಾಕಿಸಿ ಖಾತ್ರಿ ಮಾಡಿಕೊಳ್ಳಬಹುದು.

ಇನ್ನು ಕ್ಲಚ್ಚು. ಎಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ ಎನ್ನುವವರು ಇದನ್ನು ಪರೀಕ್ಷಿಸಬೇಕು. ಮಟ್ಟಸವಾದ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಟ್ಟು, ಕೈಬ್ರೇಕು ಬಿಗಿ ಎಳೆದು, ಮಕ್ಕಳುಮರಿಯನ್ನು ಗಾಡಿಯ ಎದುರಿನಿಂದ ದೂರ ಕಳಿಸಿ, ಎಲ್ಲಕ್ಕಿಂತ ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಎಂಜಿನ್ ತಟಕ್ಕನೆ ನಿಂತುಹೋಗಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ. ಪ್ಲೇಟು ಬದಲಾಯಿಸುವುದರಲ್ಲಿ ಮುಗಿಯುವ ರೋಗಕ್ಕೆ ಎಂಜಿನ್ನೇ ಬದಲಾಯಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಡೆಯದಾಗಿ, ನಾಲ್ಕು ಮೈಲಿ ಓಡಿಸಿ ಬಂದು ಚಕ್ರದ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ, ಸುಡಬಹುದು. ಒಂದು ಚಕ್ರ ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ. ಬ್ರೇಕು ಹಿಡಿದ ಗಾಡಿಗೆ ಎಷ್ಟು ದೊಡ್ಡ ಎಂಜಿನ್ ಹಾಕಿದರೂ ಕಾಲಿಗೆ ಹಗ್ಗ ಕಟ್ಟಿ ಎತ್ತನ್ನು ಹೊಡೆದಂತೆಯೇ ಸರಿ.

ಇಷ್ಟೆಲ್ಲಾ ನೋಡಿ, ಕೊನೆಗೆ ರಿಂಗು ಸವೆದದ್ದೇ ನಿಜವೆಂದು ಗೊತ್ತಾದರೆ, ಇದ್ದ ಎಂಜಿನ್ನನ್ನೇ ಬೋರ್ ಮಾಡಿಸಿ, ಹೊಸ ಪಿಸ್ಟನ್ ರಿಂಗು ಹಾಕಿಸಿ, ವಾಲ್ವು ಗ್ರೈಂಡಿಂಗ್ ಮಾಡಿಸುವುದು ಉತ್ತಮವೆಂದು ನನ್ನ ಅಭಿಪ್ರಾಯ. ಇದರಿಂದ ಗಾಡಿಯ ಕಾಗದಪತ್ರ ಬದಲಾಗುವುದಿಲ್ಲ, ಗೇರ್ ಬಾಕ್ಸಿನ ತಂಟೆಗೆ ಹೋಗಬೇಕಾಗಿಲ್ಲ.

ಈಗ ನಮ್ಮ ಮಾವನವರ ಕಥೆಗೆ ಬರೋಣ. ಅವರು ತಂದದ್ದು ಒಂದು ಹಳೆಯ ಟ್ರಾಕ್ಟರಿನ ಎಂಜಿನ್. ನೋಡಲು ಗಟ್ಟಿಮುಟ್ಟಾದ ಆಸಾಮಿ. ಸಿಲಿಂಡರಿನ ಅಳತೆಯಲ್ಲಿ ಹಳೆಯದರ ಒಂದೂವರೆ ಪಟ್ಟು. ಆದರೆ ಅಶ್ವಶಕ್ತಿ? 45 ಮಾತ್ರ. ಅಳತೆ ದೊಡ್ಡದು, ಅಶ್ವಶಕ್ತಿ ಕಡಿಮೆ, ಇದು ಹೇಗೆ ಎಂದು ನೀವು ಕೇಳಬಹುದು. ಟ್ರಾಕ್ಟರ್ ಎಂಜಿನ್ ನಿಧಾನವಾಗಿ ತಿರುಗುತ್ತದೆ. ಪ್ರತಿ ಸುತ್ತಿನಲ್ಲಿ ತಿರುಚುವ ಬಲ ಹೆಚ್ಚು, ಆದರೆ ನಿಮಿಷಕ್ಕೆ ಸುತ್ತುಗಳು ಕಡಿಮೆ. ನೇಗಿಲು ಎಳೆಯಲು ಅದೇ ಬೇಕಾದದ್ದು. ರಸ್ತೆಯ ಗಾಡಿಗೆ ತಂದು ಕೂರಿಸಿದಾಗ ಈ ಎರಡು ಗುಣಗಳೂ ಎರಡು ಬಗೆಯ ಕಾಟ ಕೊಡುತ್ತವೆ.

ತಿರುಚುವ ಬಲದ ಕಾಟ ಮೊದಲು ನೋಡೋಣ. ಮೊದಲನೆಯ ಗೇರಿನಲ್ಲಿ ಗೇರ್ ಬಾಕ್ಸು ಎಂಜಿನ್ನಿನ ಬಲವನ್ನು ಸುಮಾರು ಮೂರು ಪಟ್ಟು ಮಾಡುತ್ತದೆ. ಹಿಂದಿನ ಡಿಫರೆನ್ಷಿಯಲ್ಲು ಅದನ್ನು ಮತ್ತೆ ಐದು ಪಟ್ಟು ಮಾಡುತ್ತದೆ. ಒಟ್ಟು ಹದಿನೈದು ಪಟ್ಟು. ಹಳೆಯ ಎಂಜಿನ್ 12 ಕಿಲೋ-ಮೀಟರ್ ತಿರುಚುಬಲ ಕೊಡುತ್ತಿತ್ತು ಎಂದರೆ ಆಕ್ಸಲ್ಲಿನಲ್ಲಿ ಅದು 180 ಆಗುತ್ತದೆ. (ಇಲ್ಲಿ ಕಿಲೋ-ಮೀಟರ್ ಎಂದರೆ ದೂರವಲ್ಲ, ಒಂದು ಮೀಟರ್ ಉದ್ದದ ಹಾರೆಯ ತುದಿಗೆ ಅಷ್ಟು ಕಿಲೋ ತೂಗುಹಾಕಿದಂತೆ.) ಹೊಸದು 18 ಕೊಟ್ಟರೆ 270. ಎಂಜಿನ್ನಿನಲ್ಲಿ ಹೆಚ್ಚಾದದ್ದು 6; ಆಕ್ಸಲ್ಲಿನ ಮೇಲೆ ಬಿದ್ದ ಹೆಚ್ಚಿನ ಹೊರೆ 90! ಕಂಪನಿಯವರು 180ಕ್ಕೆ ಲೆಕ್ಕ ಹಾಕಿ ಮಾಡಿದ ಕ್ರೌನು, ಪಿನಿಯನ್ನು, ಆಕ್ಸಲ್ಲು 270 ಅನ್ನು ಎಷ್ಟು ದಿನ ತಾಳೀತು? ಮಾವನವರ ಗಾಡಿಯಲ್ಲಿ ಮೂರನೆಯ ವಾರಕ್ಕೇ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬೇರಿಂಗು ಪುಡಿಯಾಯಿತು. ಹಾಕಿಸಿದರು. ಮತ್ತೆ ಕ್ಲಚ್ ಪ್ಲೇಟು ಸುಟ್ಟಿತು. ಅದನ್ನೂ ಹಾಕಿಸಿದರು. ಅತ್ತೆ ಮಾತ್ರ ಅಂದೇ ಅಂದಿದ್ದರು, "ಈ ಗಾಡಿ ಶುಂಠಿ ಹೊರೋದಕ್ಕಿಂತ ನಮ್ಮ ಶುಂಠಿ ದುಡ್ಡು ತಿನ್ನೋದೇ ಹೆಚ್ಚಾಯ್ತು" ಎಂದು.

ಎರಡನೆಯದು ಸುತ್ತಿನ ಕಾಟ. ಟೈರು ಒಂದು ಸುತ್ತು ಉರುಳಿದರೆ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 3,600 ಸುತ್ತು ತಿರುಗುವ ಎಂಜಿನ್ನಿಗೆ ಡಿಫರೆನ್ಷಿಯಲ್ ಐದಕ್ಕೊಂದು ಇದ್ದರೆ ಮೇಲಿನ ಗೇರಿನಲ್ಲಿ ಗಂಟೆಗೆ 95 ಕಿಲೋಮೀಟರ್ ಹೋಗಬಹುದು. ಅದೇ ಡಿಫರೆನ್ಷಿಯಲ್ಲಿಗೆ 2,000 ಸುತ್ತಿನ ಟ್ರಾಕ್ಟರ್ ಎಂಜಿನ್ ಜೋಡಿಸಿದರೆ 53 ಕಿಲೋಮೀಟರಿಗೆ ನಿಂತುಹೋಗುತ್ತದೆ. ಅದಕ್ಕಿಂತ ಮೇಲೆ ಎಷ್ಟು ತುಳಿದರೂ ಅಷ್ಟೇ. ಇದರಿಂದ ಡ್ರೈವರಿಗೆ ಒಂದು ಕೆಟ್ಟ ಚಾಳಿ ಹತ್ತಿತು. ಇಳಿಜಾರು ಬಂದೊಡನೆ ಗೇರು ತಪ್ಪಿಸಿ ನ್ಯೂಟ್ರಲ್ಲಿನಲ್ಲಿ ಬಿಡುವುದು. ಕಳೆದ ವೇಗವನ್ನು ಅಲ್ಲಿ ತುಂಬಿಕೊಳ್ಳುವುದು.

ಇಲ್ಲಿ ಇನ್ನೊಂದು ಸಂಗತಿ ಇದೆ. ಇದನ್ನು ದಯವಿಟ್ಟು ಚೆನ್ನಾಗಿ ಕೇಳಿ, ಮನೆಯಲ್ಲಿ ಗಾಡಿ ಓಡಿಸುವ ಹುಡುಗರಿಗೂ ಓದಿ ಹೇಳಿ. ಪಿಕಪ್ಪಿನ ಬ್ರೇಕಿಗೆ ಬೂಸ್ಟರ್ ಎಂಬ ದುಂಡನೆಯ ಡಬ್ಬಿ ಇರುತ್ತದೆ. ಕಾಲಿನ ಒತ್ತಡವನ್ನು ಹಲವು ಪಟ್ಟು ಮಾಡಿಕೊಡುವುದು ಅದರ ಕೆಲಸ. ಅದು ಕೆಲಸ ಮಾಡುವುದು ಗಾಳಿ ಹೀರಿ ಬರಿದು ಮಾಡಿದ ನಿರ್ವಾತದಿಂದ. ಪೆಟ್ರೋಲ್ ಎಂಜಿನ್ ಈ ನಿರ್ವಾತವನ್ನು ತನ್ನ ಗಾಳಿ ಹೀರುವ ಕೊಳವೆಯಲ್ಲಿಯೇ ಒದಗಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದು ಸಾಲದಾದ್ದರಿಂದ ಬೇರೆ ಒಂದು ವ್ಯಾಕ್ಯೂಮ್ ಪಂಪು ಇಟ್ಟಿರುತ್ತಾರೆ; ಬಹಳ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಟ್ರಾಕ್ಟರಿಗೆ ಇಂಥ ಬೂಸ್ಟರ್ ಇಲ್ಲ, ಆದ್ದರಿಂದ ಅದರ ಎಂಜಿನ್ನಿಗೆ ವ್ಯಾಕ್ಯೂಮ್ ಪಂಪೂ ಇಲ್ಲ. ಮಾವನವರ ಗಾಡಿಗೆ ಎಂಜಿನ್ ಕೂರಿಸಿದವರು ಬೂಸ್ಟರಿನ ಪೈಪು ಎಲ್ಲಿಗೆ ಕೊಡಬೇಕೆಂದು ತಿಳಿಯದೆ ಅದರ ಬಾಯಿಗೆ ಒಂದು ಬೋಲ್ಟು ತುರುಕಿ ಕ್ಲಿಪ್ಪು ಹಾಕಿದ್ದರು. ಬ್ರೇಕು ಇತ್ತು. ಆದರೆ ಕಲ್ಲು ತುಳಿದಂತೆ ಗಟ್ಟಿಯಾಗಿತ್ತು. "ಹೊಸ ಎಂಜಿನ್, ಸ್ವಲ್ಪ ಬಿಗಿ ಇರ್ತದೆ" ಎಂದು ಸಮಾಧಾನ ಹೇಳಿದರಂತೆ. ಬ್ರೇಕಿಗೂ ಹೊಸ ಎಂಜಿನ್ನಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಎಂಜಿನ್ ದೊಡ್ಡದಾಯಿತಲ್ಲ ಎಂದು 16 ಚೀಲದ ಜಾಗದಲ್ಲಿ 25 ಚೀಲ ಹೇರತೊಡಗಿದರು. ಅಂದರೆ 1,500 ಕಿಲೋ. ಮುಂದುಗಡೆ ಟ್ರಾಕ್ಟರ್ ಎಂಜಿನ್ನಿನ ಹೆಚ್ಚಿನ ತೂಕವೇ ನೂರು ಕಿಲೋದಷ್ಟು. ಮುಂದಿನ ಸ್ಪ್ರಿಂಗ್ ಪಟ್ಟಿ ಮಟ್ಟಸವಾಗಿ ಕೂತುಬಿಟ್ಟಿತ್ತು, ಸ್ಟೇರಿಂಗ್ ಭಾರ. ಆ ವರ್ಷದ ಡಿಸೆಂಬರಿನಲ್ಲಿ ಒಂದು ಬೆಳಗಿನ ಜಾವ ಇಳಿಜಾರಿನ ತಿರುವಿನಲ್ಲಿ, ನ್ಯೂಟ್ರಲ್ಲಿನಲ್ಲಿ ಬರುತ್ತಿದ್ದ ಗಾಡಿಯನ್ನು ಹಿಡಿಯಲು ಆಗಲಿಲ್ಲ. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ರಭಸ ನಾಲ್ಕರಷ್ಟಾಗುತ್ತದೆ. ಬೂಸ್ಟರಿಲ್ಲದ ಬ್ರೇಕಿನ ಕೈಲಿ ಅದು ಆಗುವ ಕೆಲಸವಲ್ಲ. ಡ್ರೈವರು ಬುದ್ಧಿವಂತ, ಕಣಿವೆಯ ಕಡೆಗೆ ಬಿಡದೆ ಎಡಗಡೆಯ ಧರೆಗೆ ತಂದು ಗುದ್ದಿಸಿದ. ಚೀಲಗಳ ಮೇಲೆ ಕೂತಿದ್ದ ಮಾವನ ಮಗನ ಕಾಲು ಎರಡು ಕಡೆ ಮುರಿಯಿತು. ಈಗಲೂ ಅವನು ಗದ್ದೆಯ ಬದುವಿನ ಮೇಲೆ ನಡೆಯುವಾಗ ಎಡಗಾಲು ಎಳೆಯುತ್ತಾನೆ.

ಗಾಡಿಯ ರಿಪೇರಿಗೆ ವಿಮೆಯ ಹಣ ಕೇಳಲು ಹೋದರು. ಪರಿಶೀಲನೆಗೆ ಬಂದವರು ಮೊದಲು ನೋಡಿದ್ದು ಎಂಜಿನ್ ನಂಬರು. ಆರ್.ಸಿ. ಪುಸ್ತಕದಲ್ಲಿ ಇದ್ದ ನಂಬರು ಒಂದು, ಎಂಜಿನ್ನಿನ ಮೇಲೆ ಕೆತ್ತಿದ್ದು ಇನ್ನೊಂದು. ಹಣ ಬರಲಿಲ್ಲ.

ಕಾನೂನಿನ ಮಾತನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಿಸಿದ ಕಂಪನಿ ಮೊದಲು ಕೊಟ್ಟ ವಿವರಕ್ಕೂ ಆರ್.ಸಿ.ಯ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಮಾರ್ಪಾಡು ಒಂದೊಂದಕ್ಕೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಎಂದು ಸೇರಿಸಿದ್ದಾರೆ. ಹಾಳಾದ ಎಂಜಿನ್ನಿನ ಜಾಗಕ್ಕೆ ಅದೇ ಮಾದರಿಯ ಇನ್ನೊಂದು ಎಂಜಿನ್ ಹಾಕಿಸುವುದಾದರೂ ಮೊದಲು ಆರ್.ಟಿ.ಓ. ಕಚೇರಿಗೆ ಹೋಗಿ ಅನುಮತಿ ಪಡೆಯಿರಿ. ಗುಜರಿಯಿಂದ ತಂದದ್ದಾದರೆ ಎಂಜಿನ್ ನಂಬರು ಬರೆದ ರಸೀದಿ ಇಲ್ಲದೆ ಹಣ ಕೊಡಬೇಡಿ. ಕದ್ದ ಗಾಡಿಯ ಎಂಜಿನ್ ನಿಮ್ಮ ಕೊಟ್ಟಿಗೆಯಲ್ಲಿ ಸಿಕ್ಕಿದರೆ ಉತ್ತರ ಹೇಳಬೇಕಾದವರು ನೀವೇ.

"ಹಾಗಾದರೆ ಕಂಪನಿಯವರು ದೊಡ್ಡ ಎಂಜಿನ್ ಹಾಕೋದಿಲ್ಲವೆ?" ಎಂದು ಒಬ್ಬ ಹಿರಿಯರು ಸಭೆಯಲ್ಲಿ ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಹಾಕುತ್ತಾರೆ. ಅಮೆರಿಕದ ವಿಲ್ಲಿಸ್ ಕಂಪನಿ 1950ರ ದಶಕದ ಕೊನೆಯಲ್ಲಿ ಎಫ್.ಸಿ.-150 ಎಂಬ ಮೂತಿಯಿಲ್ಲದ ಸಣ್ಣ ಜೀಪ್ ಟ್ರಕ್ಕು ತಂದಿತು. ಇದನ್ನು ಆಮೇಲೆ ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯೂ ತಯಾರಿಸಿತು. ಹಿರಿಯರು ಕೆಲವರು ನೋಡಿರಬಹುದು. ಅದಕ್ಕೆ ನಾಲ್ಕು ಸಿಲಿಂಡರಿನ 2.2 ಲೀಟರ್ ಎಂಜಿನ್. ಅದರ ಅಣ್ಣನಂತೆ ಎಫ್.ಸಿ.-170 ಎಂಬುದನ್ನೂ ತಂದರು. ಅದಕ್ಕೆ ಆರು ಸಿಲಿಂಡರಿನ 3.7 ಲೀಟರ್ ಎಂಜಿನ್. ಆದರೆ ಅವರು ಹಳೆಯ ಚಾಸಿಯ ಮೇಲೆಯೇ ದೊಡ್ಡ ಎಂಜಿನ್ ಕೂರಿಸಿ ಕೈತೊಳೆದುಕೊಳ್ಳಲಿಲ್ಲ. ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವನ್ನು 81 ಅಂಗುಲದಿಂದ 103½ ಅಂಗುಲಕ್ಕೆ ಬೆಳೆಸಿದರು. ಎಂಜಿನ್ ಬೆಳೆದರೆ ಗಾಡಿಯೂ ಬೆಳೆಯಬೇಕಾಯಿತು.

ಆದ ಕಾರಣ, ಅನುಮತಿ ಪಡೆದು ಎಂಜಿನ್ ಬದಲಾಯಿಸುವ ಪ್ರಸಂಗ ಬಂದರೂ, ನಿಮ್ಮ ಗಾಡಿಯ ಚಾಸಿಗೆ ಕಂಪನಿಯೇ ಕೂರಿಸುತ್ತಿದ್ದ ಎಂಜಿನ್ನನ್ನು ಮಾತ್ರ ನೋಡಿ. ಎಂಜಿನ್, ಕ್ಲಚ್ಚು, ಗೇರ್ ಬಾಕ್ಸು ಒಂದೇ ಗಾಡಿಯಿಂದ ಸೆಟ್ಟಾಗಿ ಬಂದಿರಲಿ. ಬೇರೆ ಬೇರೆಯದನ್ನು ತಂದು ನಡುವೆ ಲೇತಿನಲ್ಲಿ ತಿರುಗಿಸಿದ ಪ್ಲೇಟು ಇಟ್ಟು ಜೋಡಿಸಿದರೆ, ಶಾಫ್ಟು ಕೂದಲೆಳೆಯಷ್ಟು ಓರೆಯಾದರೂ ಬೇರಿಂಗು ತಿನ್ನುತ್ತದೆ. ರೇಡಿಯೇಟರನ್ನು ಮರೆಯಬೇಡಿ. ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಉಳಿದದ್ದು ಹೊಗೆಯಲ್ಲಿಯೂ ನೀರಿನಲ್ಲಿಯೂ ಹೋಗುತ್ತದೆ. ಹೆಚ್ಚು ಡೀಸೆಲ್ ಉರಿಸುವ ಎಂಜಿನ್ನಿಗೆ ಹಳೆಯ ರೇಡಿಯೇಟರೇ ಇದ್ದರೆ ಏರಿನ ಅರ್ಧದಲ್ಲಿಯೇ ನೀರು ಕುದಿಯುತ್ತದೆ.

ಮತ್ತು ಬ್ರೇಕಿನ ಬೂಸ್ಟರ್. ಇದನ್ನು ಪರೀಕ್ಷಿಸಲು ಒಂದು ಪೈಸೆ ಖರ್ಚಿಲ್ಲ; ಎಂಜಿನ್ ಬದಲಾಯಿಸದವರೂ ಇವತ್ತೇ ಮಾಡಿ ನೋಡಬಹುದು. ಎಂಜಿನ್ ನಿಲ್ಲಿಸಿ, ಬ್ರೇಕನ್ನು ಐದಾರು ಸಲ ತುಳಿಯಿರಿ; ಪೆಡಲ್ಲು ಗಟ್ಟಿಯಾಗುತ್ತದೆ. ಹಾಗೆಯೇ ತುಳಿದು ಹಿಡಿದುಕೊಂಡು ಎಂಜಿನ್ ಚಾಲೂ ಮಾಡಿ. ಪೆಡಲ್ಲು ಕಾಲಿನಡಿ ಸ್ವಲ್ಪ ಕೆಳಕ್ಕೆ ಇಳಿಯಬೇಕು. ಇಳಿಯದೆ ಕಲ್ಲಿನಂತೆ ನಿಂತರೆ ಬೂಸ್ಟರ್ ಕೆಲಸ ಮಾಡುತ್ತಿಲ್ಲ. ಅಂಥ ಗಾಡಿಯನ್ನು ರಿಪೇರಿಯಾಗುವ ತನಕ ಇಳಿಜಾರಿಗೆ ಒಯ್ಯಬೇಡಿ. ಸರಿಯಿರುವ ಗಾಡಿಯನ್ನೂ ಯಾವ ಗೇರಿನಲ್ಲಿ ಏರು ಹತ್ತಿಸುತ್ತೀರೋ ಅದೇ ಗೇರಿನಲ್ಲಿ ಇಳಿಸಿ.

ಮಾವನವರು 2010ರಲ್ಲಿ ಹಳೆಯ ಎಂಜಿನ್ನನ್ನೇ ಬೋರ್ ಮಾಡಿಸಿ ಮತ್ತೆ ಕೂರಿಸಿದರು. ಗುಜರಿಗೆ ಹಾಕದೆ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟದ್ದು ಪುಣ್ಯ. 16 ಚೀಲ ಹೇರಿಕೊಂಡು ಎರಡನೆಯ ಗೇರಿನಲ್ಲಿ ಅದೇ ಏರನ್ನು ಹತ್ತುತ್ತಿತ್ತು. ಟ್ರಾಕ್ಟರ್ ಎಂಜಿನ್ನನ್ನು ಕೆರೆಯ ಏರಿಯ ಪಕ್ಕದಲ್ಲಿ ಸಿಮೆಂಟು ಕಟ್ಟೆಯ ಮೇಲೆ ಬೋಲ್ಟು ಹಾಕಿ ಕೂರಿಸಿ, ಅದಕ್ಕೊಂದು ಪಂಪು ಜೋಡಿಸಿದ್ದಾರೆ. ಫೆಬ್ರವರಿ, ಮಾರ್ಚಿಯಲ್ಲಿ ಕಾಫಿ ತೋಟಕ್ಕೆ ಹೂವಿನ ನೀರು ಸಿಂಪಡಿಸುವಾಗ ಅದು ರಾತ್ರಿಯಿಡೀ ಒಂದೇ ಸಮನೆ ಓಡುತ್ತದೆ.